ಗಾಯ ಮಾಯುವ ತನಕ

ಯಲಬುರ್ಗಿಯ ಕೋಟೆಯ ಬುಡಕ್ಕೆ ಅಂಟಿಕೊಂಡಂತೆ ಅರಳೆ ಹಿಂಜಿ ಗಾದಿ ಮಾಡುವ ಪಿಂಜಾರರ ನಾಲ್ಕಾರು ಮನೆಗಳಿದ್ದವು. ನಿಜಾಮರ ಕಾಲ. ಹೊಲದಿಂದ ಅರಳೆ ಊರಿಗೆ ಬರುವ ಚಳಿಯ ದಿನಗಳಲ್ಲಿ ಆ ಓಣಿಯೊಳಗೆ ಕಾಲಿಟ್ಟವರಿಗೆ ತಾವು ಎಚ್ಚರದಲ್ಲಿದ್ದೇವೋ ನಿದ್ದೆಯಲ್ಲಿದ್ದೇವೋ ತಿಳಿಯುತ್ತಿರಲಿಲ್ಲ. ಮನೆಮನೆಯಿಂದ ಪಿಂಜುವ ಬಿಲ್ಲಿನ ದನಿ ಬರುತ್ತಿತ್ತು. ಬಾಗಿಲುಗಳಿಂದ ಅರಳೆಯ ಎಳೆ ಮಂಜಿನಂತೆ ತೇಲಿ ಬಂದು ದಾರಿಹೋಕರ ರುಮಾಲು, ಎತ್ತಿನ ಕೋಡು, ಬೇವಿನ ಎಲೆ ಎಲ್ಲದರ ಮೇಲೂ ಕೂಡುತ್ತಿತ್ತು. ಲಾಲಬೀ ಆ ಓಣಿಗೆ ಸೊಸೆಯಾಗಿ ಬಂದ ದಿನದಿಂದ ಆ ದನಿಯನ್ನು ಕೇಳುತ್ತಲೇ ಮುದುಕಿಯಾಗಿದ್ದಳು. ಬಿಲ್ಲಿನ ತಂತಿ ಒಮ್ಮೆ ಮಿಡಿದರೆ ಅಲ್ಲಾನ ಹೆಸರು ಒಮ್ಮೆ ಹೇಳಿದಂತೆ ಎಂದು ಅವಳ ಅತ್ತೆ ಹೇಳಿಕೊಟ್ಟಿದ್ದಳು. ಅದನ್ನು ಅವಳು ನಂಬಿದ್ದಳು.

ಒಂದು ಬೆಳಿಗ್ಗೆ ಅವಳು ಹಿತ್ತಲಲ್ಲಿ ಆಡಿನ ಹಾಲು ಕರೆಯುತ್ತಿದ್ದಾಗ ಮನೆಯೊಳಗಿನ ಆ ದನಿ ನಿಂತಿತು. ಫಟ್ಟೆಂದು ಏನೋ ಹರಿದ ಸಪ್ಪಳ. ಹಿಂದೆಯೇ ಒಬ್ಬ ಗಂಡಸಿನ ಚೀರಾಟ.

ಒಳಗೆ ಓಡಿ ಬಂದಾಗ ಕಂಡದ್ದಿಷ್ಟು: ಠಾಣೆಯ ಜವಾನ ವೆಂಕೋಬ ಹುಬ್ಬು ಹಿಡಿದುಕೊಂಡು ಕುಸಿದು ಕೂತಿದ್ದ. ಅವನ ಬೆರಳುಗಳ ಸಂದಿಯಿಂದ ರಕ್ತ ಇಳಿದು ಪಿಂಜಿದ ಬಿಳಿ ಅರಳೆಯ ಮೇಲೆ ಬೀಳುತ್ತಿತ್ತು. ಅವಳ ಮಗ ಜಿಲಾನಸಾಬ ತಂತಿ ಬಡಿಯುವ ಮರದ ಕೊಡತಿಯನ್ನು ಕೈಯಲ್ಲಿ ಹಿಡಿದು ನಿಂತಿದ್ದ. ಬಿಲ್ಲು ನೆಲದ ಮೇಲಿತ್ತು, ಅದರ ತಂತಿ ಹರಿದಿತ್ತು.

"ಕೊಡತೀಲೆ ಹೊಡದ! ಸರಕಾರಿ ಮನುಷ್ಯಾಗ ಹೊಡದ!" ಎಂದು ವೆಂಕೋಬ ಕೂಗಿದ.

"ತಂತಿಗೆ ಯಾಕ ಕೈ ಹಾಕಿದಿ? ಬಿಗಿದ ತಂತಿಗೆ ಯಾರರ ಕೈ ಹಾಕ್ತಾರೇನು?" ಎಂದು ಜಿಲಾನಸಾಬ ಕೂಗಿದ.

ತಹಸೀಲದಾರರ ಕ್ಯಾಂಪಿಗೆ ಬಿಟ್ಟಿಯಾಗಿ ಗಾದಿ ಬೇಕೆಂದು ವೆಂಕೋಬ ಬಂದಿದ್ದ. ಆ ಅರಳೆ ದೊಡ್ಡಬಸಪ್ಪಗೌಡರ ಮಗಳ ಮದುವೆಯ ಗಾದಿಗೆಂದು ಬಂದದ್ದು, ಕೊಡಲಾಗದು ಎಂದು ಜಿಲಾನಸಾಬ ತಲೆಯೆತ್ತದೆ ಪಿಂಜುತ್ತಲೇ ಇದ್ದ. ಅಲ್ಲಿಂದ ಮುಂದೆ ಏನಾಯಿತೋ ಆ ಇಬ್ಬರಿಗೇ ಗೊತ್ತು. ಸೊಸೆ ಮೆಹರುನಬಿ ಬಾವಿಗೆ ಹೋಗಿದ್ದಳು. ಲಾಲಬೀಯ ಗಂಡ ಹೈದರಸಾಬ ಪಕ್ಕದಲ್ಲೇ ಕೂತಿದ್ದನಾದರೂ ಅವನ ಎರಡೂ ಕಣ್ಣಿಗೆ ಪೊರೆ ಬಂದು ವರ್ಷಗಳಾಗಿದ್ದವು. ಮಧ್ಯಾಹ್ನದೊಳಗೆ ಜಿಲಾನಸಾಬನನ್ನು ಹಿಡಿದು ಠಾಣೆಯ ಕತ್ತಲ ಕೋಣೆಗೆ, ಹವಾಲಾತಿಗೆ ಹಾಕಿದರು. ಬಿಲ್ಲು, ಕೊಡತಿ ಎರಡನ್ನೂ ಜಪ್ತಿ ಮಾಡಿ ಒಯ್ದರು.

ಮುದುಕ ಮುದುಕಿ ಇಬ್ಬರೂ ಉಮಾಪತಿ ವಕೀಲರ ಕಟ್ಟೆಗೆ ಹೋದರು. ವಕೀಲರು ಎಲೆ ಅಡಿಕೆ ಹಾಕಿಕೊಳ್ಳುತ್ತ ಎಲ್ಲವನ್ನೂ ಕೇಳಿದರು.

"ಕಳ್ಳತನ ಆಗಿದ್ರ ನಾಳೆನ ಬಿಡಿಸ್ಕೊಂಡು ಬರ್ತಿದ್ದೆ ಹೈದರಸಾಬ. ಇದು ಜವಾನನ ಮೈಮ್ಯಾಲೆ ಕೈ. ಇದರ ಹಾದಿ ಬ್ಯಾರೆ."

"ಏನ್ರಿ ಅದು ಬ್ಯಾರೆ ಹಾದಿ?"

"ನಮ್ಮ ಮುನಸೀಫರ ಪದ್ಧತಿ ಏನಂದ್ರ, ಪೊಲೀಸಿನವನ ಗಾಯ ಮಾಯೂ ತನಕ ಜಾಮೀನಿಲ್ಲ. ಗಾಯ ಹಸಿ ಇರೂ ತನಕ ಆರೋಪಿ ಒಳಗ. ದವಾಖಾನಿ ಡಾಕ್ಟರು ಮಾದೈತಿ ಅಂತ ಬರದು ಕೊಟ್ಟ ಮ್ಯಾಗನ ಅರ್ಜಿ ನೋಡ್ತಾರ."

ಹೈದರಸಾಬ ಕೇಳಿದ: "ಅಂದ್ರ ನನ್ನ ಮಗನ ಕೋಣಿ ಕೀಲಿ ಆ ವೆಂಕೋಬನ ಹುಬ್ಬಿನ್ಯಾಗ ಐತೇನ್ರಿ?"

"ಹಂಗನ ತಿಳಕೊ."

"ಹೊಡದಾನೋ ಇಲ್ಲೋ ಅನ್ನೂದು?"

"ಅದು ವಿಚಾರಣಿದಾಗ. ಅದಕ್ಕ ಇನ್ನೂ ಭಾಳ ದಿನ ಐತಿ."

ಕಂಬಕ್ಕೆ ಒರಗಿ ನಿಂತಿದ್ದ ಲಾಲಬೀ ಇದೆಲ್ಲವನ್ನೂ ಕೇಳಿಸಿಕೊಂಡಳು. ಇಬ್ಬರೂ ಮನೆಗೆ ಬಂದರು. ತಮ್ಮ ಬಾಗಿಲ ಮುಂದೆ ಅರಳೆಯಿಲ್ಲದ ಗಾಳಿ ಬರಿದಾಗಿ ತಿರುಗಾಡುತ್ತಿದ್ದಂತೆ ಅವಳಿಗೆ ಅನಿಸಿತು. ಅಂದಿನ ನಿದ್ದೆಯಲ್ಲಿ ಒಂದು ಕನಸು ಬಿತ್ತು. ಕನಸಿನಲ್ಲಿ ಕೆಂಪು ಬಾಗಿಲೊಂದು ಅರೆ ತೆರೆದಿತ್ತು, ಒಳಗೆ ಯಾರೋ ಕೂತು ಸಾವಕಾಶವಾಗಿ ಪಿಂಜುತ್ತಿದ್ದರು. ಬಾಗಿಲು ಕೂಡಿಕೊಂಡಷ್ಟೂ ದನಿ ಹತ್ತಿರಕ್ಕೆ ಬರುತ್ತಿತ್ತು.

ಬೆಳಗಾದ ಮೇಲೆ ಅವಳು ಹಾಲು ಕಾಸಿ ಚಂಬಿಗೆ ಹಾಕಿದಳು. ಮನೆಯಲ್ಲಿದ್ದ ಅರಳೆಯಲ್ಲೇ ಒಳ್ಳೆಯದನ್ನು ಆರಿಸಿ ಬಟ್ಟೆಯಲ್ಲಿ ಕಟ್ಟಿಕೊಂಡಳು. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಮೆಹರುನಬಿ ತಿರುಗಿ ನೋಡಿದಳು.

"ಅತ್ತಿ, ಆ ಹಾಲು ಎಲ್ಲಿಗೆ?"

"ವೆಂಕೋಬನ ಮನಿಗೆ."

ರೊಟ್ಟಿಯ ಸಪ್ಪಳ ನಿಂತಿತು. "ಯಾರ ಮನಿಗೆ?"

"ನಮ್ಮ ಪಿಂಜೂ ಕೋಣ್ಯಾಗ ನೆತ್ತರ ಬಿದ್ದೈತವಾ. ಬಿಲ್ಲಿನ ಮುಂದ ಯಾರದರ ನೆತ್ತರ ಬಿದ್ರ ಗಾಯ ಮಾಯೂ ತನಕ ಅವರನ್ನ ಆ ಮನ್ಯಾವರು ನೋಡ್ಕೋಬೇಕು. ನಮ್ಮತ್ತಿ ಹಂಗ ಮಾಡ್ಯಾಳ, ಅವರತ್ತಿ ಹಂಗ ಮಾಡ್ಯಾಳ. ತಪ್ಪು ಯಾರದಂತ ಕೇಳೂ ಪದ್ಧತಿ ಇಲ್ಲ."

"ನನ್ನ ಗಂಡ ಕತ್ತಲ ಕೋಣ್ಯಾಗ ಒಣರೊಟ್ಟಿ ಕಡೀತಾನ. ಅವನ್ನ ಒಳಗ ಹಾಕಿಸಿದಾವಗ ಹಾಲು! ಒಂದು ಗಾದಿನೂ ಕೊಟ್ಟು ಬರ್ರಿ, ಆರಾಮ ಮಲಗ್ಲಿ!"

"ಸಿಟ್ಟು ಮಾಡಬ್ಯಾಡ. ಗಾಯ ಲಗೂನ ಮಾದರ ಛಲೋ ಅಲ್ಲೇನು?"

"ಛಲೋ ಐತ್ರಿ. ಅದು ತನ್ನ ಪಾಡಿಗೆ ತಾನು ಮಾಯಲಿ. ನಾವ್ಯಾಕ ಕೈಕಟ್ಟಿ ಹೋಗಿ ನಿಂದರಬೇಕು?"

ಹೊರಗಿನ ಕಟ್ಟೆಯಿಂದ ಹೈದರಸಾಬನ ದನಿ ಬಂತು: "ಜಗಳಾಡ್ರಿ, ಜಗಳಾಡ್ರಿ. ಬಿಲ್ಲಿಲ್ಲದ ಮನ್ಯಾಗ ಏನರ ಸಪ್ಪಳ ಇರಬೇಕಲ್ಲ."

ಅತ್ತೆ ಸೊಸೆ ಇಬ್ಬರೂ ಒಂದೇ ದಾರಿಯಲ್ಲಿ ನಡೆದರು. ಮನೆಯಿಂದ ಬಂದ ಬುತ್ತಿಯನ್ನು ಹವಾಲಾತಿನವರಿಗೆ ಕೊಡಲು ಬಿಡುತ್ತಿದ್ದರು, ಆದರೆ ರೊಟ್ಟಿ ಪಲ್ಲೆ ಬಿಟ್ಟು ಬೇರೇನೂ ಒಳಗೆ ಹೋಗುವಂತಿರಲಿಲ್ಲ. ಠಾಣೆಯ ಬೇವಿನ ಮರದ ಹತ್ತಿರ ಮೆಹರುನಬಿ ಬುತ್ತಿ ಹಿಡಿದು ಎಡಕ್ಕೆ ಹವಾಲಾತಿನ ಕಡೆ ತಿರುಗಿದಳು. ಲಾಲಬೀ ಚಂಬು ಹಿಡಿದು ಬಲಕ್ಕೆ ಜವಾನರ ಮನೆಗಳ ಕಡೆ ತಿರುಗಿದಳು.

ವೆಂಕೋಬನ ಹೆಂಡತಿ ಭೀಮಕ್ಕ ಹೊಸ್ತಿಲಲ್ಲೇ ಅಡ್ಡ ನಿಂತಳು. ಇನ್ನೂ ಸಣ್ಣ ವಯಸ್ಸು, ದನಿ ಮಾತ್ರ ಗಟ್ಟಿ.

"ನಿಮ್ಮ ಮನಿ ಅಡಿಗಿ ನಾವು ಉಣ್ಣೂದಿಲ್ಲ."

"ಗೊತ್ತೈತಿ ತಂಗಿ. ಅಡಿಗಿ ತಂದಿಲ್ಲ. ಆಡಿನ ಹಾಲು. ಮತ್ತ ಗಾಯಕ್ಕ ಮೆತ್ತನ್ನ ಅರಳಿ."

"ನಿನ್ನ ಮಗ ನನ್ನ ಗಂಡನ ತಲಿ ಒಡದಾನ. ಹೌದಿಲ್ಲೋ?"

"ನಾ ಹಿತ್ತಲದಾಗಿದ್ದೆ. ಕಂಡಿಲ್ಲ."

"ಕೇಳಿಲ್ಲೇನು ಅವನ್ನ?"

"ನೀ ನಿನ್ನ ಗಂಡನ್ನ ಕೇಳೀಯೇನು?"

ಭೀಮಕ್ಕ ಒಮ್ಮೆ ಒಳಗೆ ಗಂಡನ ಕಡೆ ತಿರುಗಿ ನೋಡಿದಳು. ಆಮೇಲೆ ಹೊಸ್ತಿಲು ಬಿಟ್ಟು ಪಕ್ಕಕ್ಕೆ ಸರಿದಳು.

ಅಂದಿನಿಂದ ಲಾಲಬೀ ದಿನವೂ ಹೋದಳು. ಬೇವಿನ ಎಲೆ ಕುದಿಸಿದ ನೀರಿನಿಂದ ಹುಬ್ಬು ತೊಳೆದು, ತುಪ್ಪದಲ್ಲಿ ಕಲಸಿದ ಅರಿಶಿಣ ಹಚ್ಚಿ, ಅರಳೆ ಇಟ್ಟು ಕಟ್ಟುವಳು. ವೆಂಕೋಬ ಮೊದಮೊದಲು ಗೋಡೆಯ ಕಡೆ ಮುಖ ಮಾಡಿರುತ್ತಿದ್ದ. ಆಮೇಲೆ ತಾನಾಗಿ ತಲೆ ಒಡ್ಡಲು ಕಲಿತ. ತಿರುಗಿ ಬರುವಾಗ ಅವಳು ಹವಾಲಾತಿನ ಸರಳಿನ ಮುಂದೆ ನಿಲ್ಲುವಳು. ಒಳಗಿನ ಮಬ್ಬಿನಿಂದ ಜಿಲಾನಸಾಬನ ಮುಖ ನೀರಿನ ತಳದಲ್ಲಿದ್ದಂತೆ ಕಾಣುತ್ತಿತ್ತು.

"ಊರೆಲ್ಲಾ ಕೇಳತೈತಿ. ನೀನೂ ಒಮ್ಮಿ ಕೇಳಬೇ ಯವ್ವಾ, ಹೊಡದಿ ಏನಂತ."

"ರೊಟ್ಟಿ ಮೆತ್ತಗ ಅದಾವೇನಪ್ಪಾ?" ಎನ್ನುವಳು ಲಾಲಬೀ.

ಗಾಯದ ಬಾಯಿ ಕೂಡುತ್ತ ಬಂತು. ಇನ್ನೇನು ಹೊಪ್ಪಳೆ ಗಟ್ಟಿಯಾಗಬೇಕು ಎನ್ನುವ ಹೊತ್ತಿಗೆ ಉಮಾಪತಿ ವಕೀಲರು ಅರ್ಜಿ ಹಾಕಿದರು. ಅದಾಲತ್ತಿನಲ್ಲಿ ಎಲ್ಲವೂ ಉರ್ದುವಿನಲ್ಲಿ ನಡೆಯಿತು. ಮನೆಯಲ್ಲಿ ಕನ್ನಡವನ್ನೇ ಆಡುವ ಲಾಲಬೀಗೆ ಅದು ಪೂರಾ ತಿಳಿಯಲಿಲ್ಲ. ಆದರೆ ಠಾಣೆಯ ಮೇಲಧಿಕಾರಿ ಅಮೀನರು ಮಾತಾಡುವಾಗ ತನ್ನ ಕಡೆಗೇ ಬೆರಳು ತೋರಿಸಿದ್ದು ಕಂಡಿತು.

ಹೊರಗೆ ಬಂದ ಮೇಲೆ ವಕೀಲರು ರುಮಾಲು ತೆಗೆದು ಬೆವರು ಒರೆಸಿಕೊಂಡರು.

"ಏನ್ ಮಾಡಿದಬೇ ಲಾಲಬೀ! ಅಮೀನರು ಕೇಳಿದ್ರು, ಮಗ ಹೊಡದಿಲ್ಲಂದ್ರ ತಾಯಿ ಯಾಕ ದಿನಾ ಹಾಲು ಹೊತ್ತಾಳ? ತಪ್ಪು ಒಪ್ಪಿಕೊಂಡಂಗಾತಲ್ಲ? ಇಲ್ಲಾ, ಫಿರ್ಯಾದಿ ಮಾಡಿದವನ್ನ ಬುಟ್ಟಿಗೆ ಹಾಕ್ಕೊಳ್ಳಾಕ ನೋಡ್ತಾರ, ಅಂತ. ಮುನಸೀಫರು ತಲಿ ಅಲ್ಲಾಡಿಸಿದ್ರು. ಜಾಮೀನಿಲ್ಲ."

"ಅದು ನಮ್ಮ ಪಿಂಜಾರರ ಪದ್ಧತಿ ಅಂತ ಹೇಳಬೇಕಿತ್ತಲ್ರಿ."

"ಹೇಳಿದೆ. ಅವರು ಬರದುಕೊಳ್ಳಲಿಲ್ಲ."

ಅಂದು ಆ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ. ಪುಂಡಿಪಲ್ಲೆಯ ಗಡಿಗೆಯನ್ನು ಮೆಹರುನಬಿ ನೆಲಕ್ಕೆ ಕುಕ್ಕಿದಳು.

"ನಿಮ್ಮ ಪದ್ಧತಿ ನನ್ನ ಗಂಡನ್ನ ತಿಂತು. ನಾಳೆ ಶಿಕ್ಷಾ ಆದ್ರೂ ಹಾಲು ಒಯ್ಯಿರಿ, ಜೇಲರಗ ಕೊಡ್ರಿ!"

"ಬಾಯಿ ಬಿಗಿ ಹಿಡಿ," ಎಂದ ಹೈದರಸಾಬ. ಆಮೇಲೆ ಹೆಂಡತಿಯ ಕಡೆ ತಿರುಗಿದ. ಕಾಣದ ಕಣ್ಣು ಅವಳ ಭುಜದಾಚೆಗೆ ಎಲ್ಲೋ ನೋಡುತ್ತಿತ್ತು. "ನೀನೂ ಕೇಳು. ಇವತ್ತಿನಿಂದ ಆ ಕಡಿ ಕಾಲಿಡಬ್ಯಾಡ."

ಲಾಲಬೀ ಹೂಂ ಎಂದಳು. ನಮಾಜಿಗೆ ಕೂತವಳು ಬಹಳ ಹೊತ್ತು ಏಳಲಿಲ್ಲ. ಕೂತಲ್ಲೇ ಅವಳಿಗೆ ಮಂಪರು ಹತ್ತಿ, ಬಿಲ್ಲಿನ ದನಿ ಕೋಟೆಯ ಗೋಡೆಯ ಆಚೆಯಿಂದ, ಆಮೇಲೆ ಇನ್ನೂ ದೂರದ ಕುಕನೂರಿನ ಕಡೆಯಿಂದ ಬಂದಂತೆ ಕೇಳಿಸಿತು. ಮರುದಿನದಿಂದ ಆಡಿನ ಹಾಲು ಮನೆಯಲ್ಲೇ ಹೆಪ್ಪಾಯಿತು. ಮಜ್ಜಿಗೆ ಮಾಡಿದರೂ ಯಾರ ಗಂಟಲಿಗೂ ಅದು ಸಲೀಸಾಗಿ ಇಳಿಯಲಿಲ್ಲ.

ಒಂದು ವಾರ ಕಳೆದಿರಬೇಕು. ಬುತ್ತಿ ಕೊಟ್ಟು ಬಂದ ಮೆಹರುನಬಿ ಬಾಗಿಲಲ್ಲೇ ನಿಂತಳು. ಮುಖ ಬಿಳಿಚಿಕೊಂಡಿತ್ತು.

"ಅತ್ತಿ, ಹಾಲು ಕಾಸ್ರಿ."

"ಏನಾತವಾ?"

"ವೆಂಕೋಬನ್ನ ಕಂಡೆ. ಬೇವಿನ ಗಿಡದ ಬುಡಕ್ಕ ಕುಂತಿದ್ದ. ಹುಬ್ಬು ಕರ್ರಗಾಗೈತಿ, ಕಣ್ಣು ಬಾತು ಮುಚ್ಚೈತಿ. ಕಣ್ಣು ಹೋತಂದ್ರ ನಮ್ಮವರು ಹೊರಗ ಬಂದಂಗನ."

ಕಟ್ಟೆಯ ಮೇಲಿನ ಹೈದರಸಾಬ ಕೆಮ್ಮಿದ. ಇಬ್ಬರೂ ಅವನ ಮಾತಿಗೆ ಕಾದು ನಿಂತರು.

"ನನಗೇನು ಕಾಣತೈತಿ?" ಎಂದ ಅವನು. "ಯಾರು ಎಲ್ಲಿಗೆ ಹೋದರೋ, ಯಾರು ಬಂದರೋ."

ಅಮೀನರು ಕುಷ್ಟಗಿಯ ಕಡೆ ಹೋಗಿದ್ದ ಹೊತ್ತು. ಅತ್ತೆ ಸೊಸೆ ಈ ಸಲ ಇಬ್ಬರೂ ಬಲಕ್ಕೆ ತಿರುಗಿದರು. ಲಾಲಬೀ ಗಾಯದ ಸುತ್ತಲಿನ ಕಪ್ಪು ಸುಟ್ಟ ಗೆರೆಯನ್ನು ನೋಡಿದಳು, ಮೂಸಿದಳು.

"ಇದು ಕೇರಿನ ಎಣ್ಣಿ. ಅಗಸರು ಅರಿವಿಗೆ ಗುರ್ತು ಹಾಕೂ ಕೇರುಬೀಜದ್ದು. ಯಾರು ಹಚ್ಚಿದ್ರು?"

ವೆಂಕೋಬ ಗೋಡೆಯ ಕಡೆ ತಿರುಗಿದ. ಭೀಮಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

"ತಾವ ಹಚ್ಕೊಂಡಾರ ದೊಡ್ಡವ್ವ. ಗಾಯ ಹಸಿ ಇರಲಿ ಅಂದ್ರಂತ ಅಮೀನ ಸಾಹೇಬ್ರು. ಮಾದ್ರ ಆ ಪಿಂಜಾರ ಹೊರಗ ಬರ್ತಾನ, ನಾಳೆ ಊರಾಗ ಯಾರೂ ಜವಾನಗ ಅಂಜೂದಿಲ್ಲ ಅಂದ್ರಂತ."

"ನಾ ಏನ್ ಮಾಡ್ಲಿ? ಹೊಟ್ಟಿಪಾಡು," ಎಂದ ವೆಂಕೋಬ ಗೋಡೆಗೆ ಹೇಳಿದಂತೆ.

ಲಾಲಬೀ ಬಯ್ಯಲಿಲ್ಲ. ಹಾಲಿನಲ್ಲಿ ಎಳ್ಳು ನೆನೆಸಿ ಅರೆಯಲು ಭೀಮಕ್ಕನಿಗೆ ಹೇಳಿ, ಅವನ ಪಕ್ಕಕ್ಕೆ ಕೂತಳು.

"ಹುಬ್ಬಿನ ಕೆಳಗ ಕಣ್ಣೈತಪ್ಪಾ," ಎಂದಳು. "ಅಮೀನ ಸಾಹೇಬ್ರಿಗೆ ತಮ್ಮವು ಎರಡು ಅದಾವ."

ಭೀಮಕ್ಕ ಎಳ್ಳು ಅರೆದು ತಂದಳು. ಲಾಲಬೀ ಹಚ್ಚಲು ಹೋದಾಗ ವೆಂಕೋಬ ಉರಿಗೆ ತಲೆ ಹಿಂದಕ್ಕೆ ಎಳೆದುಕೊಂಡ. ಮೆಹರುನಬಿ ನೋಡಿ ನೋಡಿ, ಮುಂದೆ ಬಂದು ಅವನ ತಲೆಯನ್ನು ಗಟ್ಟಿಯಾಗಿ ಹಿಡಿದಳು.

"ಅಲುಗಾಡಬ್ಯಾಡ. ನಿನ್ನ ಮ್ಯಾಲಿನ ಕಕುಲಾತಿಗೆ ಬಂದಿಲ್ಲ ನಾನು. ನನ್ನ ಗಂಡನ ಕೋಣಿ ಬಾಗಿಲು ತೊಳ್ಯಾಕ ಬಂದೀನಿ."

ನೋವಿನಲ್ಲೂ ವೆಂಕೋಬನಿಗೆ ನಗು ಬಂದಂತಾಯಿತು. "ತೊಳಿಯವಾ, ತೊಳಿ," ಎಂದ.

ಕೇರುಬೀಜದ ಕುಡಿಕೆಯನ್ನು ಭೀಮಕ್ಕ ತಾನೇ ಒಯ್ದು ತಿಪ್ಪೆಗೆ ಎಸೆದು ಬಂದಳು. ಆಮೇಲಿನ ದಿನಗಳು ಬೇಸಿಗೆಯ ಮೊದಲ ಮಬ್ಬಿನಲ್ಲಿ ಒಂದರೊಳಗೊಂದು ಕರಗಿ ಹೋದವು. ಬಾವು ಇಳಿಯಿತು, ಕಣ್ಣು ತೆರೆಯಿತು. ಒಂದು ಬೆಳಿಗ್ಗೆ ಹೊಪ್ಪಳೆ ತಾನಾಗಿ ಕಳಚಿ ಬಿತ್ತು. ಯಾರೂ ಕರೆಯದೆ ವೆಂಕೋಬ ದವಾಖಾನೆಗೆ ನಡೆದು ಹೋಗಿ ಡಾಕ್ಟರ ಮುಂದೆ ನಿಂತು, "ನೋಡಿ ಬರದು ಕೊಡ್ರಿ ಸಾಹೇಬ್ರ" ಎಂದನಂತೆ. ಅಮೀನರು ಅವನನ್ನು ಠಾಣೆಯ ಅಂಗಳದಲ್ಲಿ ಎಲ್ಲರೆದುರು ಬಯ್ದರೆಂದೂ, ಅವನು ತಲೆ ತಗ್ಗಿಸಿ ಬೈಸಿಕೊಂಡನೆಂದೂ ಮೆಹರುನಬಿ ಸುದ್ದಿ ತಂದಳು.

ಜಾಮೀನಿಗೆ ನಿಲ್ಲಲು ಹೊಲವಿದ್ದವರು ಬೇಕಾಗಿತ್ತು. ಹೈದರಸಾಬ ಸೊಸೆಯ ಕೈ ಹಿಡಿದು ದೊಡ್ಡಬಸಪ್ಪಗೌಡರ ಮನೆಗೆ ಹೋದ.

"ಪೊಲೀಸರ ಕಣ್ಣಿಗೆ ಬೀಳೂದು ಬ್ಯಾಡ ಹೈದರಸಾಬ. ನಾನೂ ಊರಾಗ ಬಾಳೆ ಮಾಡಬೇಕು," ಎಂದರು ಗೌಡರು.

"ಖರೆ ಐತ್ರಿ. ನಿಮ್ಮ ಮಗಳು ಗಂಡನ ಮನ್ಯಾಗ ಬರೀ ಚಾಪಿ ಮ್ಯಾಲೆ ಮಲಗತಾಳಂದ್ರ ನಂದೇನಿಲ್ರಿ."

ಗೌಡರು ಮೊದಲು ಸಿಟ್ಟಾದರು, ಆಮೇಲೆ ನಕ್ಕರು. "ಕಣ್ಣು ಹೋದ್ರೂ ನಾಲಿಗಿ ಹೋಗಿಲ್ಲ ನಿನಗ," ಎಂದು ರುಮಾಲು ಸುತ್ತಿಕೊಂಡು ಎದ್ದರು.

ಮುನಸೀಫರು ಡಾಕ್ಟರರ ಕಾಗದ ನೋಡಿ ಜಾಮೀನು ಕೊಟ್ಟರು. ಎರಡು ಷರತ್ತು ಹಾಕಿದರು. ವಿಚಾರಣೆ ಮುಗಿಯುವ ತನಕ ಆ ಮನೆಯವರು ಯಾರೂ ವೆಂಕೋಬನ ಮನೆಯ ಕಡೆ ಹೋಗಕೂಡದು, ಅವನ ಮನೆಯವರ ಜೊತೆ ಮಾತಾಡಕೂಡದು. ಬಿಲ್ಲು ಮತ್ತು ಕೊಡತಿ ಅದಾಲತ್ತಿನಲ್ಲೇ ಇರಬೇಕು.

ಜಿಲಾನಸಾಬ ಮನೆಗೆ ಬಂದು ಮೈತೊಳೆದು ಉಣ್ಣಲು ಕೂತ. ಬಿಸಿ ರೊಟ್ಟಿ, ಝುಣಕ, ಗುರೆಳ್ಳು ಪುಡಿ. ಒಳಗಿದ್ದು ಮುಖ ಬಿಳಿಯಾಗಿತ್ತು. ಮೊದಲ ತುತ್ತು ಮುರಿದವನು ಹಾಗೇ ಹಿಡಿದು ಕೂತ.

"ನೀ ಕೇಳೂದಿಲ್ಲಲ್ಲ ಯವ್ವಾ. ನಾನ ಹೇಳ್ತೀನಿ. ಅವ ತಂತಿಗೆ ಕೈ ಹಾಕಿದ್ದು ಖರೆ. ನಾ ಕೊಡತಿ ಎತ್ತಿದ್ದೂ ಖರೆ. ಅವನ ತಲಿಗೆ ಗುರಿ ಹಿಡದ ಎತ್ತಿದ್ದೆ. ಅಷ್ಟರಾಗ ತಂತಿ ಹರದು ಅವನ ಹುಬ್ಬಿಗೆ ಹೊಡೀತು. ಹರೀಲಿಲ್ಲಂದ್ರ ನಾ ಹೊಡೀತಿದ್ದೆ. ಅವನ ತಲಿ ಉಳೀತಿದ್ದಿಲ್ಲ."

ಮೆಹರುನಬಿ ಬಾಗಿಲು ಮುಚ್ಚಿ ಬಂದಳು. "ಇದನ್ನ ಅದಾಲತ್ತಿನಾಗ ಹೇಳಿಗೀಳೀರಿ!"

"ಕೇಳಿದ್ರ ಹೇಳ್ತೀನಿ."

"ನೋಡ್ರಿ ಅತ್ತಿ, ನಿಮ್ಮ ಮಗನ್ನ! ಒಳಗ ಕುಂತು ಶಾಣ್ಯಾ ಆಗಿ ಬಂದಾರ!"

ಲಾಲಬೀ ಬಟ್ಟಲಿನಿಂದ ತುಪ್ಪ ತೆಗೆದು ಮಗನ ರೊಟ್ಟಿಯ ಮೇಲೆ ಹಾಕಿದಳು. ಅವಳ ಕಣ್ಣುಗಳು ಒದ್ದೆಯಾಗಿದ್ದವು, ಆದರೆ ದನಿ ಎಂದಿನಂತೆಯೇ ಇತ್ತು.

"ನೀ ಇಳಿಸೂಕಿಂತ ಮೊದಲ ಅಲ್ಲಾ ತಂತಿ ಹರದಾನ. ಉಣ್ಣು. ಆರತೈತಿ."

ಹೈದರಸಾಬ ಗೋಡೆಗೊರಗಿ ನಿಟ್ಟುಸಿರಿಟ್ಟ. ಅದಾದ ಮೇಲೆ ಯಾರೂ ಆ ಮಾತು ಎತ್ತಲಿಲ್ಲ.

ಬಿಲ್ಲಿಲ್ಲದ ಮನೆಯಲ್ಲಿ ಜಿಲಾನಸಾಬ ಸುಮ್ಮನೆ ಕೂರಲಾರದವನಾದ. ಅತ್ತ ವಿಚಾರಣೆಯ ದಿನ ಹತ್ತಿರ ಬರುತ್ತಿತ್ತು. ತಂತಿ ಹಿಡಿದಿದ್ದೆ ಎಂದು ವೆಂಕೋಬ ಹೇಳದಿದ್ದರೆ ಮತ್ತೆ ಒಳಗೆ ಹೋಗುವುದೇ ಸೈ ಎಂದು ವಕೀಲರು ಹೇಳಿ ಕಳಿಸಿದ್ದರು. ಹೋಗಿ ಕೇಳುವಂತಿರಲಿಲ್ಲ. ದಾರಿಯಲ್ಲಿ ಕಂಡರೂ ಮಾತಾಡುವಂತಿರಲಿಲ್ಲ.

ಒಂದು ದಿನ ಹೊತ್ತೇರುವಾಗ ಬಾಗಿಲಲ್ಲಿ ನೆರಳು ಬಿತ್ತು. ತಲೆಯ ಮೇಲೆ ಸುರುಳಿ ಸುತ್ತಿದ ಹಳೆಯ ಗಾದಿ ಹೊತ್ತು ಭೀಮಕ್ಕ ನಿಂತಿದ್ದಳು. ಓಣಿಯವರೆಲ್ಲ ಬಾಗಿಲಿಗೆ ಬಂದು ನೋಡುತ್ತಿದ್ದರು.

ಮೆಹರುನಬಿ ಗಾಬರಿಯಾಗಿ ಎದ್ದು ಎರಡೂ ಕೈ ಅಲ್ಲಾಡಿಸಿದಳು, ಬಾಯಿ ಬಿಡಲಿಲ್ಲ.

"ನಿಮಗ ಬರಬ್ಯಾಡ ಅಂದಾರ ಮುನಸೀಫರು," ಎಂದಳು ಭೀಮಕ್ಕ ಎಲ್ಲರಿಗೂ ಕೇಳುವಂತೆ. "ನನಗ ಯಾರೂ ಏನೂ ಅಂದಿಲ್ಲ. ಗಾದಿ ಗಂಟುಗಂಟಾಗೈತಿ. ಪಿಂಜಾರರ ಮನಿಗೆ ಗಾದಿ ತರದ ಮತ್ತೆಲ್ಲಿಗೆ ಒಯ್ಲಿ?"

ಯಾರೂ ಮಾತಾಡುವಂತಿಲ್ಲ. ಜಿಲಾನಸಾಬ ಬರಿಗೈಗಳನ್ನು ಅಗಲಿಸಿ ತೋರಿಸಿದ.

"ಬಿಲ್ಲಿಲ್ಲಂದ್ರ ಕೈಲೆ ಹಿಂಜೂದು," ಎಂದು ಅವಳು ಗಾದಿ ಇಳಿಸಿದಳು.

ಹೈದರಸಾಬ ಗಂಟಲು ಸರಿಮಾಡಿಕೊಂಡು ಗೋಡೆಯ ಕಡೆ ತಿರುಗಿದ. "ಏ ಗೋಡಿ, ಮನಿಗೆ ಬಂದ ಹೆಣ್ಮಗಳಿಗೆ ಕುಂದ್ರಾಕ ಹೇಳು. ಗಂಡನ ಕಣ್ಣು ಹೆಂಗೈತಿ ಅಂತನೂ ಕೇಳು. ನಾವು ಕೇಳಿದ್ರ ತಪ್ಪಾಕೈತಿ."

ಮೆಹರುನಬಿ ಸೆರಗು ಬಾಯಿಗೆ ಒತ್ತಿ ನಗು ತಡೆದುಕೊಂಡಳು. ಜಿಲಾನಸಾಬ ಗಾದಿಯ ಹೊಲಿಗೆ ಬಿಚ್ಚಿದ. ಗಂಟುಕಟ್ಟಿದ ಹಳೆಯ ಅರಳೆ ನೆಲದ ಮೇಲೆ ರಾಶಿಯಾಯಿತು. ಲಾಲಬೀಯೂ ಬಂದಳು; ಮುದುಕನನ್ನು ಬಿಟ್ಟು ನಾಲ್ವರೂ ಅದರ ಸುತ್ತ ಕೂತು ಬೆರಳಿನಿಂದ ಎಳೆ ಬಿಡಿಸತೊಡಗಿದರು. ಕಿಟಕಿಯ ಬಿಸಿಲಿನಲ್ಲಿ ಸಣ್ಣ ಧೂಳು, ಸಣ್ಣ ಎಳೆ ಮೇಲೇರಿ ತೇಲಿದವು.

ಕೈಯಲ್ಲಿನ ಗಂಟು ಬಿಡಿಸುತ್ತಲೇ ಭೀಮಕ್ಕ ಗೋಡೆಗೆ ಹೇಳಿದಳು: "ಕಣ್ಣು ಛಲೋ ಐತಿ. ನಿನ್ನೆ ಉಣ್ಣಾಕ ಕುಂತಾಗ ಅಂದ್ರು, ನಾ ಯಾಕ ಆ ತಂತಿಗೆ ಕೈ ಹಾಕಿದ್ನೋ, ನೌಕರಿ ಹೋದ್ರ ಹೋಗ್ಲಿ, ಹೊಡದದ್ದು ತಂತಿ ಅನ್ನೂದನ್ನ ಮುನಸೀಫರ ಮುಂದ ಹೇಳಿಬಿಡ್ತೀನಿ ಅಂತ."

ಜಿಲಾನಸಾಬನ ಬೆರಳುಗಳು ನಿಂತವು. ಅವನು ತಾಯಿಯ ಮುಖ ನೋಡಿದ. ಲಾಲಬೀ ಒಂದು ದೊಡ್ಡ ಗಂಟನ್ನು ಎರಡಾಗಿ ಬಿಡಿಸಿ, ಅರ್ಧವನ್ನು ಭೀಮಕ್ಕನ ಮಡಿಲಿಗೆ, ಅರ್ಧವನ್ನು ಮಗನ ಕೈಗೆ ಇಟ್ಟಳು. ಅವನು ತಲೆ ಬಗ್ಗಿಸಿ, ಎಳೆ ಹರಿಯದಂತೆ, ಮೆಲ್ಲಗೆ ಹಿಂಜತೊಡಗಿದ.